ಬಿಟ್ಟ ರೈಲುಹಾದಿಯೂ ಲೋಕೋಪಕಾರವೂ

(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಜರುಗಿದ ಉಪನ್ಯಾಸ)



ಕೆರೆಯನ್ನು ಕಟ್ಟಿಸುವುದು, ಬಾವಿಯನ್ನು ತೋಡಿಸುವುದು, ಹಾದಿಯ ಇಕ್ಕೆಲಗಳಲ್ಲಿ ಸಾಲುಮರಗಳನ್ನು ನೆಡಿಸುವುದು, ಬೇಸಗೆಯಲ್ಲಿ ಅರವಟ್ಟಿಗೆಯನ್ನಿಡುವುದು, ಇವೆಲ್ಲವೂ ಕನ್ನಡನಾಡಿನಲ್ಲಿ ಪೂರ್ವಕಾಲದಿಂದಲೂ ಪುಣ್ಯಕಾರ್ಯಗಳೆಂದು ಎಣಿಸಲ್ಪಟ್ಟಿವೆ. ಇವುಗಳಲ್ಲೆಲ್ಲ ಒಂದು ಸಮಾನ ಧರ್ಮವುಂಟು. ಅರವಟ್ಟಿಗೆಯ ನೀರನ್ನು ಕುಡಿಯುವವನು ಯಾರ ಮಗನೆಂದು ಯಾರೂ ಕೇಳರು. ಸಾಲುಮರದ ನೆರಳು ಧನಿಕನಿಗೆ ಹೆಚ್ಚಾಗಿ ಬಡವನಿಗೆ ಕಡಿಮೆಯಾಗಿ ಬೀಳದು. ಶರಣರು ದಾಸೋಹವೆಂದು ಕರೆದ ತತ್ತ್ವವು ಪ್ರಸಾದದ ಪಂಕ್ತಿಯಲ್ಲಿ ಹೇಗೆ ಕಾಣುವುದೋ ಹಾಗೆಯೇ ಹಾದಿಯಲ್ಲಿಯೂ ಕಾಣುವುದು. ನಾಲ್ವರು ನಡೆಯುವ ಹಾದಿಯನ್ನು ಉಳಿಸಿಕೊಡುವುದೂ ದಾಸೋಹವೇ ಸರಿ. ಈ ಮಾತಿಗೆ ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನಡೆದ ಒಂದು ವೃತ್ತಾಂತವು ಬಹು ಚೆನ್ನಾದ ನಿದರ್ಶನವಾಗಿದೆ. ಅಲ್ಲಿ ಓಡಾಟ ನಿಂತು ಪಾಳುಬಿದ್ದ ರೈಲುಹಾದಿಗಳು ಸರ್ವಜನರೂ ಕೂಡಿ ಬಳಸುವ ನಡೆದಾರಿಗಳಾಗಿ ಮಾರ್ಪಟ್ಟವು. ಆ ಕಾರ್ಯವು ಹೇಗೆ ನೆರವೇರಿತು, ಅದಕ್ಕೆ ಒದಗಿದ ಅಡ್ಡಿಗಳಾವುವು, ಅದರಿಂದ ಭಕ್ತಜನರು ಕಲಿಯತಕ್ಕುದೇನು ಎಂಬುದೇ ಈ ಉಪನ್ಯಾಸದ ವಿಷಯ.

ಆ ದೇಶದಲ್ಲಿ ರೈಲುಮಾರ್ಗಗಳ ಉದ್ದವು 1916ರ ಸುಮಾರಿಗೆ ಪರಮಾವಧಿಯನ್ನು ಮುಟ್ಟಿ, ಎರಡೂವರೆ ಲಕ್ಷ ಮೈಲಿಗಳನ್ನು ಮೀರಿತ್ತು. ತರುವಾಯ ಮೋಟಾರು ಬಂಡಿಗಳು ಹೆಚ್ಚಿದುವು. ಸರಕಾರದವರು ವಿಶಾಲವಾದ ಹೆದ್ದಾರಿಗಳನ್ನು ಕಟ್ಟಿಸಿದರು. ಜನರೂ ಸರಕೂ ಆ ಕಡೆಗೆ ತಿರುಗಿದುವು. ನಷ್ಟಕ್ಕೀಡಾದ ಕಂಪನಿಗಳು ಒಂದೊಂದಾಗಿ ಮಾರ್ಗಗಳನ್ನು ಬಿಟ್ಟುಕೊಡುತ್ತ ಬಂದವು. ಕಂಬಿಗಳನ್ನು ಕಿತ್ತು ಹಳೆಯ ಕಬ್ಬಿಣದ ಬೆಲೆಗೆ ಮಾರಿದರು. ಉಳಿದುದು ಜಲ್ಲಿ ಹರಡಿದ, ಮುಳ್ಳು ಪೊದೆ ಬೆಳೆದ ನೀಳವಾದ ನೆಲದ ಪಟ್ಟಿ ಮಾತ್ರ.

ಚಿಕಾಗೋ ನಗರದ ಪಶ್ಚಿಮಕ್ಕೆ ಅರೋರ, ಎಲ್ಜಿನ್ ಎಂಬ ಪಟ್ಟಣಗಳವರೆಗೆ ಒಂದು ವಿದ್ಯುತ್ ರೈಲುಮಾರ್ಗವಿದ್ದಿತು. 1902ರಲ್ಲಿ ಅದರಲ್ಲಿ ಸಂಚಾರವು ಮೊದಲಾಯಿತು. ಅರ್ಧ ಶತಮಾನದ ಕಾಲ ಸಾವಿರಾರು ಜನರು ಅದರಲ್ಲಿಯೇ ನಗರದ ಕೆಲಸಕ್ಕೆ ಹೋಗಿ ಬರುತ್ತಿದ್ದರು. 1953ರಲ್ಲಿ ಹೊಸ ಹೆದ್ದಾರಿಯ ಕಟ್ಟಡಕ್ಕಾಗಿ ಆ ಗಾಡಿಗಳು ನಗರದ ನಡುಭಾಗದವರೆಗೆ ಹೋಗುವುದು ನಿಂತಿತು. ದಾರಿಯಲ್ಲಿಳಿದು ಬೇರೆ ಗಾಡಿಯನ್ನು ಹತ್ತಬೇಕಾದುದರಿಂದ ಪ್ರಯಾಣಿಕರ ಸಂಖ್ಯೆಯು ಇಳಿಯಿತು. ಕಡೆಗೆ 1957ನೆಯ ಇಸವಿ ಜುಲೈ 3ರ ನಡುಹಗಲಿನಲ್ಲಿ ಪ್ರಯಾಣಿಕರ ಗಾಡಿಗಳು ಹಠಾತ್ತಾಗಿ ನಿಂತುಹೋದುವು. ಬೆಳಗ್ಗೆ ಅದೇ ಗಾಡಿಯಲ್ಲಿ ಕೆಲಸಕ್ಕೆ ಹೋದವರು ಸಂಜೆ ಮನೆಗೆ ಮರಳಲು ಗಾಡಿಯಿಲ್ಲದೆ ದಿಕ್ಕುಗೆಟ್ಟು ನಿಂತರು. ಎರಡು ವರ್ಷಗಳ ಬಳಿಕ ಸರಕಿನ ಸಾಗಾಟವೂ ನಿಂತಿತು. 1961ರಲ್ಲಿ ಮಾರ್ಗವು ಸಂಪೂರ್ಣವಾಗಿ ತ್ಯಜಿಸಲ್ಪಟ್ಟಿತು.

ಆ ನೆಲದ ಮೇಲೆ ಅನೇಕರ ಕಣ್ಣುಗಳು ಬಿದ್ದುದು ಸಹಜವೇ ಆಗಿತ್ತು. ರಸ್ತೆ ಮಾಡುವವರಿಗೆ ಅದು ಬೇಕಾಗಿತ್ತು, ಮನೆ ಕಟ್ಟುವವರಿಗೆ ಬೇಕಾಗಿತ್ತು, ವಾಹನ ನಿಲ್ಲಿಸುವ ಜಾಗಕ್ಕೂ ಬೇಕಾಗಿತ್ತು. ಆಗ ಮೇ ಥೈಲ್ಗಾರ್ಡ್ ವಾಟ್ಸ್ ಎಂಬ ಮಹಿಳೆಯು ಮುಂದೆ ಬಂದಳು. ಆಕೆಯು ಮಾರ್ಟನ್ ಸಸ್ಯೋದ್ಯಾನದಲ್ಲಿ ಗಿಡಮರಗಳ ವಿಷಯವನ್ನು ಜನರಿಗೆ ಬೋಧಿಸುವ ಕಾಯಕವನ್ನು ಬಹುಕಾಲ ನಡೆಸಿ ನಿವೃತ್ತಳಾಗಿದ್ದಳು. ವಯಸ್ಸು ಎಪ್ಪತ್ತು. ಕೈಯಲ್ಲಿ ಅಧಿಕಾರವಿರಲಿಲ್ಲ, ಬೆನ್ನಿಗೆ ಸಂಸ್ಥೆಯಿರಲಿಲ್ಲ. 1963ರ ಸೆಪ್ಟೆಂಬರ್ ತಿಂಗಳಲ್ಲಿ ಆಕೆಯು 'ಚಿಕಾಗೋ ಟ್ರಿಬ್ಯೂನ್' ಪತ್ರಿಕೆಗೆ ಒಂದು ಪತ್ರವನ್ನು ಬರೆದಳು. ಮನುಷ್ಯನಿಗೆ ನಡೆಯಲು ಕಾಲುಗಳಿರುವಾಗ ಕಾಲ್ದಾರಿಯೂ ಬೇಕಲ್ಲವೇ, ಈ ನೆಲವನ್ನು ಈಗಲೇ ಉಳಿಸಿಕೊಳ್ಳದಿದ್ದರೆ ಇಂಥ ಸುಯೋಗವು ಮತ್ತೆ ಒದಗದು ಎಂಬುದೇ ಆ ಪತ್ರದ ತಾತ್ಪರ್ಯ.

ಪತ್ರವನ್ನೋದಿದ ಕೆಲವರು ಆಕೆಯೊಡನೆ ಜತೆಗೂಡಿದರು. ಊರೂರಿನ ಸಭೆಗಳಿಗೆ ಹೋಗಿ ತಿಳಿಯಹೇಳಿದರು. ಜನರನ್ನು ಕರೆದುಕೊಂಡು ಆ ಪೊದೆಗಳ ನಡುವೆಯೇ ನಡೆದು ತೋರಿಸಿದರು. 1965ರಲ್ಲಿ ಲಾಭಾಪೇಕ್ಷೆಯಿಲ್ಲದ ಒಂದು ಸಂಘವು ಸ್ಥಾಪಿತವಾಯಿತು. ಮರುವರ್ಷ ಡುಪೇಜ್ ಜಿಲ್ಲೆಯ ಆಡಳಿತದವರು ತಮ್ಮ ಎಲ್ಲೆಯೊಳಗಿನ ನೆಲವನ್ನು ಕೊಂಡು, ನಡೆದಾರಿಗಾಗಿ ಸಂಘಕ್ಕೆ ಗುತ್ತಿಗೆಯಾಗಿ ಒಪ್ಪಿಸಿದರು. ಮುಂದೆ 'ಇಲಿನಾಯ್ ಪ್ರೇರಿ ಪಾತ್' ಎಂದು ಹೆಸರಾದ ಆ ಹಾದಿಯು ಕವಲುಗಳೊಡಗೂಡಿ ಸುಮಾರು 60 ಮೈಲಿಗಳಷ್ಟು ಬೆಳೆಯಿತು. ಕಸ ತೆಗೆಯುವುದು, ಪೊದೆ ಕಡಿಯುವುದು, ಜಲ್ಲಿ ಹರಡುವುದು ಮೊದಲಾದ ಕೆಲಸಗಳನ್ನು ಸ್ವಯಂಸೇವಕರು ಕೂಲಿಯ ಆಸೆಯಿಲ್ಲದೆ ಮಾಡಿದರು. ಕಾಯಕವೆಂಬ ಪದವನ್ನು ಅವರು ಕೇಳಿರಲಾರರು. ಅದರ ಅರ್ಥವನ್ನಾದರೋ ಆಚರಿಸಿದರು.

ಇದೇ ಕಾಲದಲ್ಲಿ ಉತ್ತರಕ್ಕಿರುವ ವಿಸ್ಕಾನ್ಸಿನ್ ಪ್ರಾಂತ್ಯದಲ್ಲಿ ಎಲ್ರಾಯ್ ಮತ್ತು ಸ್ಪಾರ್ಟಾ ಎಂಬ ಊರುಗಳ ನಡುವಣ ಮಾರ್ಗವೂ ತ್ಯಜಿಸಲ್ಪಟ್ಟಿತು. ಪ್ರಾಂತ್ಯ ಸರಕಾರದವರು 1965ರಲ್ಲಿ ಅದನ್ನು ಕೊಂಡರು. 1967ರಲ್ಲಿ 32 ಮೈಲಿಗಳ ಹಾದಿಯು ಜನರಿಗೆ ತೆರೆಯಲ್ಪಟ್ಟಿತು. 1873ರಲ್ಲಿ ಬಂಡೆಯನ್ನು ಕೊರೆದು ಮಾಡಿದ ಮೂರು ಸುರಂಗಗಳು ಅದರಲ್ಲಿವೆ. ಎಲ್ಲಕ್ಕೂ ದೊಡ್ಡದು ಮುಕ್ಕಾಲು ಮೈಲಿಯಷ್ಟು ಉದ್ದ. ರೈಲು ಓಡುತ್ತಿದ್ದ ಕಾಲದಲ್ಲಿ ಚಳಿಗಾಲದ ಹಿಮವು ಒಳಗೆ ಕಟ್ಟಿ ಗೋಡೆ ಸೀಳದಿರಲೆಂದು ಅದರ ಬಾಯಿಗಳಿಗೆ ಮಹಾದ್ವಾರಗಳನ್ನಿಟ್ಟಿದ್ದರು. ಗಾಡಿ ಬಂದಾಗ ಕಾವಲುಗಾರನು ತೆರೆದು, ಹೋದ ಮೇಲೆ ಮುಚ್ಚುತ್ತಿದ್ದನು. ಈಗ ಅಲ್ಲಿ ಜನರು ದೀಪಗಳನ್ನು ಹಿಡಿದು, ಬೈಸಿಕಲ್ಲಿನಿಂದಿಳಿದು, ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತ ಸಾಗುತ್ತಾರೆ.

ರೈಲುಹಾದಿಯೇ ನಡೆದಾರಿಗೆ ಇಷ್ಟು ಒಪ್ಪುವುದೇಕೆಂಬ ಸಂದೇಹವು ಹುಟ್ಟಬಹುದು. ಉಕ್ಕಿನ ಕಂಬಿಯ ಮೇಲೆ ಉಕ್ಕಿನ ಗಾಲಿಯು ಕಡಿದಾದ ಏರನ್ನು ಹತ್ತಲಾರದು. ಆದಕಾರಣ ಪೂರ್ವದ ಶಿಲ್ಪಿಗಳು ಗುಡ್ಡವನ್ನು ಕಡಿದು, ತಗ್ಗನ್ನು ತುಂಬಿಸಿ, ಹಳ್ಳಗಳಿಗೆ ಸೇತುವೆ ಕಟ್ಟಿ, ನೂರು ಅಡಿಗೆ ಒಂದೆರಡು ಅಡಿಗಳಿಗಿಂತ ಏರು ಹೆಚ್ಚದಂತೆ ಸಾಮಾನ್ಯವಾಗಿ ನೋಡಿಕೊಂಡರು. ಯಂತ್ರಕ್ಕಾಗಿ ಮಾಡಿದ ಆ ಅನುಕೂಲವೇ ಮುಪ್ಪಿನವರಿಗೂ, ಕೂಸುಗಳ ತಾಯಂದಿರಿಗೂ, ಗಾಲಿಕುರ್ಚಿಯಲ್ಲಿ ಸಾಗುವ ಅಂಗವಿಕಲರಿಗೂ ವರವಾಯಿತು. ದೊಡ್ಡ ಜಲ್ಲಿಯನ್ನು ತೆಗೆದು ಸಣ್ಣಗೆ ಪುಡಿಮಾಡಿದ ಸುಣ್ಣಕಲ್ಲನ್ನು ಹಾಸಿ ಅದುಮಿದರೆ ಹಾದಿಯು ಸಿದ್ಧವಾಗುವುದು. ಇದಲ್ಲದೆ, ಸುತ್ತಲ ಹುಲ್ಲುಗಾವಲೆಲ್ಲ ಉಳುಮೆಗೆ ಒಳಗಾದಾಗ ರೈಲಿನ ಅಂಚಿನ ನೆಲವು ಮಾತ್ರ ನೇಗಿಲನ್ನು ಕಾಣದೆ ಉಳಿದುದರಿಂದ, ಆ ಸೀಮೆಯ ಮೂಲ ಹುಲ್ಲುಗಳೂ ಹೂಗಳೂ ಎಷ್ಟೋ ಕಡೆ ಅಲ್ಲಿಯೇ ಬದುಕಿಕೊಂಡಿದ್ದುವು.

ಆದರೆ ಈ ಕಾರ್ಯವು ನಿರ್ವಿಘ್ನವಾಗಿ ನಡೆಯಿತೆಂದು ಯಾರೂ ಭಾವಿಸಬಾರದು. ಎಷ್ಟೋ ಕಡೆಗಳಲ್ಲಿ ಕಂಪನಿಗೆ ನೆಲದ ಒಡೆತನವಿರಲಿಲ್ಲ. ರೈಲನ್ನು ಹಾಯಿಸುವ ಹಕ್ಕು ಮಾತ್ರವಿದ್ದಿತು. ರೈಲು ನಿಂತರೆ ನೆಲವು ಅಕ್ಕಪಕ್ಕದ ಒಕ್ಕಲಿಗೆ ಸಲ್ಲಬೇಕೆಂಬುದು ಅಲ್ಲಿನ ಹಳೆಯ ನ್ಯಾಯ. ಅಪರಿಚಿತರು ಹಗಲೆಲ್ಲ ಹೊಲದ ನಡುವೆ ಓಡಾಡಿದರೆ ಬೆಳೆಗೆ ಕಾಪಾಡುವವರಾರು, ಮನೆಯ ಹಿತ್ತಿಲಿಗೆ ಮರೆಯೆಲ್ಲಿ ಎಂಬ ಅವರ ಅಂಜಿಕೆಯೂ ಅಕಾರಣವಾದುದಲ್ಲ. ಇತ್ತ ಸಾರ್ವಜನಿಕರ ವಾದವೂ ಹುರುಳುಳ್ಳದ್ದೇ. ನೂರು ಮೈಲಿಯ ಹಾದಿಯಲ್ಲಿ ನಡುವಣ ಒಂದು ಫರ್ಲಾಂಗು ಮುಚ್ಚಿಹೋದರೂ ಅದು ಹಾದಿಯೆನಿಸದು, ಎರಡು ತುಂಡುಗಳಾಗುವುದು. ಒಮ್ಮೆ ಸಾವಿರ ಜನರ ಪಾಲಾದ ನೆಲವನ್ನು ಮತ್ತೆ ಕೂಡಿಸುವುದು ಯಾವ ಬೊಕ್ಕಸಕ್ಕೂ ಸುಲಭವಲ್ಲ.

ಈ ಇಕ್ಕಟ್ಟನ್ನು ಬಿಡಿಸಲು 1983ರಲ್ಲಿ ಅಲ್ಲಿನ ಶಾಸನಸಭೆಯು ಒಂದು ಉಪಾಯವನ್ನು ಕಾಯಿದೆಯಲ್ಲಿ ಸೇರಿಸಿತು. ಅದರಂತೆ, ಬಿಡಲ್ಪಡುವ ಮಾರ್ಗವನ್ನು ಮುಂದೆಂದಾದರೂ ರೈಲಿಗೆ ಬೇಕಾಗಬಹುದೆಂದು ಠೇವಣಿಯಂತೆ ಕಾಯ್ದಿಡಬಹುದು. ಅಲ್ಲಿಯವರೆಗೆ ಅದು ಜನರ ನಡೆದಾರಿಯಾಗಿರಬಹುದು. ವರ್ಮಾಂಟ್ ಪ್ರಾಂತ್ಯದ ಭೂಮಾಲಿಕರು ಇದನ್ನು ಪ್ರಶ್ನಿಸಿದಾಗ, 1990ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಯಿದೆಯನ್ನು ಎತ್ತಿಹಿಡಿದು, ನೆಲವನ್ನು ಕಳೆದುಕೊಂಡೆವೆನ್ನುವವರು ಪರಿಹಾರವನ್ನು ಕೇಳಲು ನ್ಯಾಯದ ಬಾಗಿಲು ತೆರೆದಿದೆಯೆಂದು ತಿಳಿಸಿತು. ಅದೇ ನ್ಯಾಯಾಲಯವು 2014ರಲ್ಲಿ ವಯೋಮಿಂಗ್ ಪ್ರಾಂತ್ಯದ ಒಂದು ಮೊಕದ್ದಮೆಯಲ್ಲಿ ಭೂಮಾಲಿಕನ ಪರವಾಗಿಯೂ ತೀರ್ಪಿತ್ತಿತು. ಲೋಕೋಪಕಾರದ ಹೆಸರಿನಿಂದ ಒಬ್ಬನ ಹಕ್ಕನ್ನು ತುಳಿಯಬಾರದು. ಒಬ್ಬನ ಹಕ್ಕಿನ ಹೆಸರಿನಿಂದ ಲೋಕದ ಹಾದಿಯನ್ನು ಕಡಿಯಲೂಬಾರದು. ಇವೆರಡನ್ನೂ ತೂಗಿ ನಡೆಸುವುದೇ ಧರ್ಮಸೂಕ್ಷ್ಮ.

ಮಿಸೌರಿ ಪ್ರಾಂತ್ಯದಲ್ಲಿ 1986ರಲ್ಲಿ ರೈಲು ನಿಂತ ಮಾರ್ಗವೊಂದನ್ನು ಈ ಕಾಯಿದೆಯ ಆಸರೆಯಿಂದಲೇ ಉಳಿಸಿಕೊಳ್ಳಲಾಯಿತು. ಎಡ್ವರ್ಡ್ ಜೋನ್ಸ್ ಮತ್ತು ಪ್ಯಾಟ್ ಜೋನ್ಸ್ ಎಂಬ ದಂಪತಿಗಳು ತಮ್ಮ ಸ್ವಂತ ಗಳಿಕೆಯಿಂದ 20 ಲಕ್ಷ ಡಾಲರುಗಳಿಗೂ ಮಿಕ್ಕಿದ ಹಣವನ್ನು ಅದಕ್ಕೆ ದಾನವಾಗಿತ್ತರು. 1990ರಲ್ಲಿ ಮೊದಲ ಭಾಗವು ತೆರೆಯಿತು. ಈಗ ಅದು ಸುಮಾರು 240 ಮೈಲಿಗಳ ಉದ್ದಕ್ಕೆ, ಬಹುಭಾಗ ಮಿಸೌರಿ ನದಿಯ ಬದಿಯಲ್ಲಿಯೇ ಸಾಗುತ್ತದೆ. ಗಾಡಿ ನಿಂತಾಗ ಕಳೆಗುಂದಿದ್ದ ಸಣ್ಣ ಊರುಗಳಲ್ಲಿ ಅನ್ನಸತ್ರ, ವಸತಿಗೃಹ, ಬೈಸಿಕಲ್ ದುರಸ್ತಿಯ ಅಂಗಡಿಗಳು ಹುಟ್ಟಿಕೊಂಡು ಬಡಜನರ ಜೀವನಕ್ಕೂ ದಾರಿಯಾಯಿತು. ಇಡೀ ದೇಶದಲ್ಲಿ ಇಂಥ ಹಾದಿಗಳ ಒಟ್ಟು ಉದ್ದವು ಇಂದು 25,000 ಮೈಲಿಗಳನ್ನು ಮೀರಿದೆ.

ಕಾಯ್ದಿಟ್ಟ ಹಾದಿಯು ಮತ್ತೆ ರೈಲಿಗೆ ಒದಗುವುದೆಂಬ ಮಾತು ಬರಿಯ ಕಲ್ಪನೆಯಲ್ಲ. ಕನ್ನಡನಾಡಿನಲ್ಲಿಯೇ ಅಳ್ನಾವರದಿಂದ ದಾಂಡೇಲಿಯ ಕಡೆಗಿರುವ ಮಾರ್ಗದಲ್ಲಿ ಬಹು ವರ್ಷ ಪ್ರಯಾಣಿಕರ ಗಾಡಿಯಿರಲಿಲ್ಲ. ನೆಲವು ಅಖಂಡವಾಗಿದ್ದುದರಿಂದಲೇ 2019ರಲ್ಲಿ ಅಲ್ಲಿ ಮರಳಿ ಗಾಡಿಯು ಓಡಿತು. ಅಲ್ಲಿಯೂ ಅಮೇರಿಕೆಯಲ್ಲಿಯೂ ತಿಳಿದುಬರುವ ನೀತಿಯೊಂದೇ: ಹಾದಿಯ ಬೆಲೆಯಿರುವುದು ಅದರ ಅಗಲದಲ್ಲಲ್ಲ, ಉದ್ದದಲ್ಲಲ್ಲ, ತುಂಡಾಗದಿರುವುದರಲ್ಲಿ.

ಶರಣಬಂಧುಗಳೇ, ಹಂಚಿಕೊಂಡು ನಡೆಯುವುದಕ್ಕೂ ಒಂದು ಶಿಸ್ತು ಬೇಕು. ಆ ಹಾದಿಗಳಲ್ಲಿ ಬೈಸಿಕಲ್ಲಿನವನು ನಡೆಯುವವನಿಗೆ ದಾರಿ ಕೊಡಬೇಕು. ಹಿಂದಿನಿಂದ ಬರುವವನು ಗಂಟೆ ಬಾರಿಸಿ ಎಚ್ಚರಿಸಬೇಕು. ನಾಯಿಯನ್ನು ಒಯ್ಯುವವನು ಹಗ್ಗವನ್ನು ಗಿಡ್ಡವಾಗಿ ಹಿಡಿಯಬೇಕು. ವೇಗವುಳ್ಳವನು ನಿಧಾನಿಗೆ, ಬಲವುಳ್ಳವನು ದುರ್ಬಲನಿಗೆ ತಗ್ಗಿ ನಡೆಯುವುದೇ ಈ ನಿಯಮಗಳ ಸಾರ. ವಿನಯವನ್ನೇ ಭಕ್ತಿಯ ಮೊದಲ ಮೆಟ್ಟಿಲೆಂದು ತಿಳಿದ ಸಮಾಜಕ್ಕೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

ಪ್ರತಿವರ್ಷವೂ ಯುಗಾದಿಯ ಸಮಯದಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಸಹಸ್ರಾರು ಭಕ್ತರು ಶ್ರೀಶೈಲ ಮಲ್ಲಿಕಾರ್ಜುನನ ದರ್ಶನಕ್ಕೆ ಬರಿಗಾಲಿನಲ್ಲಿ ನಡೆದುಹೋಗುವುದು ಈ ಸಭೆಗೆ ವಿದಿತವೇ ಆಗಿದೆ. ಹಾದಿಯುದ್ದಕ್ಕೂ ಊರವರು ಅನ್ನ, ಮಜ್ಜಿಗೆ, ಔಷಧಗಳನ್ನು ನೀಡಿ ಸೇವೆಗೈಯುವರು; ಅನ್ನಕ್ಕೆ ಕೊರತೆಯಿಲ್ಲ. ಆದರೆ ಲಾರಿಗಳು ಹಾಯುವ ಹೆದ್ದಾರಿಯ ಅಂಚಿನಲ್ಲಿ ಇರುಳಿನಲ್ಲಿ ನಡೆಯುವ ಆ ಕಾಲುಗಳಿಗೆ ನಿರ್ಭಯವಾದ ನೆಲವೆಲ್ಲಿ? ಆದುದರಿಂದ ತಂತಮ್ಮ ಗ್ರಾಮಗಳಲ್ಲಿ ಉಳಿದಿರುವ ಬಂಡಿಜಾಡು, ಕಾಲುದಾರಿ, ಕೆರೆಯ ಏರಿ, ಬಿಟ್ಟ ಮಾರ್ಗ ಇವುಗಳನ್ನು ಭಕ್ತರು ಒಂದು ಸಲ ಕಣ್ಣಿಟ್ಟು ನೋಡುವುದು ಉಚಿತ. ಒತ್ತಿಕೊಂಡ ಹೊಲದ ಬದುವು ತಮ್ಮದಾಗಿದ್ದರೆ ಒಂದು ಮೊಳ ಹಿಂದಕ್ಕೆ ಸರಿಸುವುದು ಶ್ರೇಯಸ್ಕರ. ನೆರೆಯವನದಾಗಿದ್ದರೆ ಜಗಳಕ್ಕಿಳಿಯದೆ ಕೂತು ಮಾತಾಡಿ, ಅವನ ನಷ್ಟವನ್ನು ಊರೇ ಹೊತ್ತುಕೊಳ್ಳುವುದು ನ್ಯಾಯ.

ಕಟ್ಟಿಸಿದ ಕಟ್ಟಡವು ಕಟ್ಟಿಸಿದವನ ಹೆಸರನ್ನು ಹೊರುವುದು. ಉಳಿಸಿದ ಹಾದಿಯಾದರೋ ನಡೆಯುವವರ ಹೆಜ್ಜೆಯನ್ನು ಹೊರುವುದು. ಸ್ಥಾವರಕ್ಕಿಂತ ಜಂಗಮವನ್ನೇ ಮಿಗಿಲೆಂದು ಎಣಿಸಿದ ಶರಣರ ಸಂತತಿಗೆ ಇವೆರಡರಲ್ಲಿ ಯಾವುದು ಹಿರಿದೆಂದು ಹೇಳಬೇಕಾಗಿಲ್ಲ. ಶ್ರೀಮಠದ ಮಹೋತ್ಸವದ ಈ ಶುಭಸಂದರ್ಭದಲ್ಲಿ, ಪ್ರತಿಯೊಂದು ಊರಿನ ಭಕ್ತರೂ ಒಂದೊಂದು ಹಾದಿಯನ್ನು ತುಂಡಾಗದಂತೆ ಕಾಯುವ ಸಂಕಲ್ಪವನ್ನು ಕೈಕೊಳ್ಳಲಿ. ಶ್ರೀ ಗುರುಕೃಪೆಯು ಆ ಸಂಕಲ್ಪಕ್ಕೆ ಬಲವನ್ನೀಯಲಿ.