ನಮ್ಮವರ ನಾಟಕ
(ಮಹೋತ್ಸವದ ಪೂರ್ವಭಾವಿ ಸಭೆಯಲ್ಲಿ ಮಾಡಿದ ಭಾಷಣ)

 

ಮಹೋತ್ಸವದ ಅಂಗವಾಗಿ ಗರುಡಾಚಾರ್‌ಪಾಳ್ಯದ ಭಕ್ತರೇ ವೇಷ ಕಟ್ಟಿ 'ಕುರುಕ್ಷೇತ್ರ'ವನ್ನಾಡಬೇಕೆಂದು ಅಪ್ಪಣೆಯಾಗಿರುವುದು ಪರಮ ಸಂತೋಷದ ವಿಷಯ.

ಬೆಂಗಳೂರು ದಂಡಿನಿಂದ ಮೂಡಲಿಗಿರುವ ಈ ಸೀಮೆಗೆ 2023ರಲ್ಲಿ ಮೆಟ್ರೋ ರೈಲು ಬಂದಿತು. ಆದರೂ ಸುತ್ತಣ ಹಳೆಯ ಊರುಗಳಲ್ಲಿ ನಾಟಕದ ಕ್ರಮವು ಹಿಂದಿನದೇ: ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಪದ್ಯ ಕಲಿಸುವರು, ಪರದೆ, ಕಿರೀಟ, ಗದೆಗಳು ಬಾಡಿಗೆಗೆ ಬರುವುವು. ಬಾಡಿಗೆಯ ಕಿರೀಟವು ಭೀಮನ ತಲೆಗೆ ಏರದು, ನಕುಲನ ಕಿವಿಯಿಂದ ಮೇಲೇಳದು. ಮೀಸೆಯ ಮೇಲೆ ಕೈಯಾಡಿಸಿದ ಕೌರವನಿಗೆ ಮೀಸೆಯೇ ಕೈಗೆ ಬರುವುದುಂಟು. ಹಗ್ಗ ಸಿಕ್ಕಿಕೊಂಡು, ಮೇಲೆ ಅರಮನೆ ಕೆಳಗೆ ಅರಣ್ಯ ಕಾಣಿಸುವುದುಂಟು. ಸತ್ತ ಅಭಿಮನ್ಯುವು 'ವನ್ಸ್ ಮೋರ್' ಕೂಗಿಗೆ ಎದ್ದು ಹಾಡಿ, ಧೂಳು ಕೊಡವಿ, ಮತ್ತೊಮ್ಮೆ ಸಾಯುವನು. ಇವುಗಳಿಂದ ಯಾರಿಗೂ ಕೇಡಿಲ್ಲ. ಜನರು ನಗಲೆಂದೇ ಬಂದಿರುತ್ತಾರೆ.

ಆದರೆ ನನ್ನ ಮನಸ್ಸನ್ನು ಕೊರೆಯುವ ಅವಾಂತರ ಬೇರೆ. ಪಾತ್ರಗಳನ್ನು ನಾವು ಹಣದ ಮೇಲೆ ಹಂಚುತ್ತೇವೆ. ಹೆಚ್ಚು ತೆತ್ತವನು ದುರ್ಯೋಧನ, ಏನೂ ತೆರಲಾರದವನು ದ್ವಾರಪಾಲಕ. ನಾನು ಕಂಡ ಒಂದು ಪ್ರಯೋಗದಲ್ಲಿ, ಅತ್ಯಧಿಕ ಹಣವಿತ್ತ ಮಹನೀಯರು ಸಿಂಹಾಸನವೇರಿದೊಡನೆ ಪದ್ಯವನ್ನೆಲ್ಲ ಮರೆತರು. ತೆರೆಯ ಮರೆಯಿಂದ ಮೇಷ್ಟ್ರು, "ಅಯ್ಯೋ, ಎಡಕ್ಕೆ ತಿರುಗಪ್ಪ" ಎಂದುದನ್ನೂ ಸಂಭಾಷಣೆಯೆಂದು ಬಗೆದು ಗಟ್ಟಿಯಾಗಿ ನುಡಿದರು. ಸಭೆ ಕೋಲಾಹಲವಾಯಿತು. ಆಗ, ಅಭ್ಯಾಸದ ದಿನಗಳಲ್ಲೆಲ್ಲ ಬಾಗಿಲಲ್ಲಿ ನಿಂತು ನಿಂತೇ ಪದ್ಯಗಳನ್ನು ಕಲಿತಿದ್ದ ದ್ವಾರಪಾಲಕನು, ದಂಡವನ್ನು ಹಿಡಿದಂತೆಯೇ, ಕೌರವನ ಪದ್ಯವನ್ನು ಎತ್ತಿಕೊಂಡು ಹಾಡಿದನು. ಎಂತಹ ಕಂಠ! ಜನರು ಮೂರು ಸಲ ಹಾಡಿಸಿದರು. ಮಹಾರಾಜರು ಸಿಂಹಾಸನದ ಮೇಲೆಯೇ ತೊಡೆ ತಟ್ಟಿ ತಾಳ ಹಾಕಿದರು. ಅವರು ಹೃದಯವಂತರೆಂಬುದನ್ನು ನಾನು ಮರೆಮಾಡುವುದಿಲ್ಲ. ಮರುವರ್ಷ ಆ ಬಡವನ ಪಾತ್ರವೇನೆಂದು ವಿಚಾರಿಸಿದೆ. ದ್ವಾರಪಾಲಕನೇ.

ಶರಣರ ಹೆಸರು ಹೇಳುವ ಮಠದ ಅಂಗಳದಲ್ಲಿ ಈ ಪದ್ಧತಿ ನಡೆಯಬಹುದೇ? 1884ರಲ್ಲಿ ಸ್ಥಾಪಿತವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ನೆನೆಯಿರಿ. ಅದರ ಯಜಮಾನಿಕೆ ವಹಿಸಿದ ವೀರಣ್ಣನವರಿಗೆ ಬೇಕಾದ ರಾಜಪಾತ್ರ ಸಿಕ್ಕುತ್ತಿರಲಿಲ್ಲವೇ? ಅವರು ನಾಡಿನಲ್ಲೆಲ್ಲ ಹೆಸರಾದದ್ದು 'ಸದಾರಮೆ'ಯ ಕಳ್ಳನಾಗಿ. ಇನ್ನು ಮಠವೊಂದು ನಾಟಕದ ತಂಡವನ್ನೇ ಪೋಷಿಸಬಲ್ಲುದೆಂಬುದಕ್ಕೆ ಸಾಣೇಹಳ್ಳಿಯಲ್ಲಿ 1997ರಲ್ಲಿ ಆರಂಭವಾದ 'ಶಿವಸಂಚಾರ'ವು ಸಾಕ್ಷಿ.

ಆದುದರಿಂದ ನನ್ನ ಬಿನ್ನಹವಿಷ್ಟೆ. ಎಲ್ಲರ ಕಾಣಿಕೆಯೂ ಒಂದೇ ಹುಂಡಿಗೆ ಬೀಳಲಿ. ಯಾರು ಎಷ್ಟು ಕೊಟ್ಟರೆಂಬುದು ಮೇಷ್ಟ್ರಿಗೆ ತಿಳಿಯದಿರಲಿ. ಅವರು ಕಂಠವನ್ನು ಕೇಳಿ ಪಾತ್ರ ಕೊಡಲಿ. ಶ್ರೀಗಳವರು ಒಪ್ಪಿದರೆ ಪರೀಕ್ಷೆಯು ಬರುವ ಸೋಮವಾರ ಸಂಜೆ, ದಾಸೋಹದ ತರುವಾಯ ನಡೆಯುವುದು. ಪರದೆಯ ಹಗ್ಗ ಎಳೆಯಲು ಬಲಿಷ್ಠರಿಬ್ಬರು ಬೇಕಾಗಿದ್ದಾರೆ. ಅದಕ್ಕೆ ಕಂಠ ಬೇಕಿಲ್ಲವಾದ್ದರಿಂದ ನನ್ನ ಹೆಸರನ್ನು ಈಗಲೇ ಬರೆದುಕೊಳ್ಳಬಹುದು.