ಬವಣೆ ಎಂಬ ಶಬ್ದದ ವಿಚಾರ



ಸಂಕಟವೆಂಬ ಅರ್ಥದಲ್ಲಿ ನಾವು ನಿತ್ಯವೂ ಆಡುವ ‘ಬವಣೆ’ ಎಂಬ ಶಬ್ದವು ‘ಭವ’ದಿಂದ ಹುಟ್ಟಿತೆಂದು ಅನೇಕರು ತಿಳಿದಿರುವರು. ಭವವೇ ದುಃಖಮೂಲವಾದುದರಿಂದ ಬವಣೆಯೂ ಅದರ ಸಂತಾನವೆಂದು ನಾನೂ ಪುರಾಣಪ್ರವಚನಗಳಲ್ಲಿ ಬಹುಕಾಲ ಹೇಳಿಕೊಂಡು ಬಂದವನೇ. ಅದು ಕಿವಿಗಿಂಪಾದ ತಪ್ಪು. ವ್ಯಾಕರಣವು ಬೇರೆ ದಾರಿಯನ್ನು ತೋರುತ್ತದೆ. ಸಂಸ್ಕೃತದ ‘ಶ್ರಮಣ’ವು ಕನ್ನಡದಲ್ಲಿ ‘ಸವಣ’ವಾದುದನ್ನು ಪಾಠಶಾಲೆಯ ಬಾಲಕರೂ ಬಲ್ಲರು, ರೇಫವು ಲೋಪವಾಗಿ ಮಕಾರಕ್ಕೆ ವಕಾರವು ಬಂದಿದೆ. ಅದೇ ರೀತಿಯಲ್ಲಿ ‘ಭ್ರಮಣ’ವು, ಮಹಾಪ್ರಾಣವನ್ನೂ ಕಳೆದುಕೊಂಡು, ‘ಬವಣೆ’ಯಾಯಿತು. ಭ್ರಮಣವೆಂದರೆ ಸುತ್ತುವುದು, ಅಲೆಯುವುದು. ಅಲೆದಾಟದ ಕಷ್ಟವನ್ನು ಉಂಡ ಜನರೇ ಆ ಶಬ್ದಕ್ಕೆ ಸಂಕಟವೆಂಬ ಅರ್ಥವನ್ನು ತಂದರು.

ಆಂಗ್ಲಭಾಷೆಯಲ್ಲಿ ಇದಕ್ಕೆ ವಿಪರೀತವಾದುದು ನಡೆದಿದೆ. ‘ಟ್ರಾವೇಲ್’ ಎಂಬ ಹಳೆಯ ಶಬ್ದಕ್ಕೆ ಕಡುಕಷ್ಟ, ಪ್ರಸವವೇದನೆ ಎಂದರ್ಥ. ಅದು ಫ್ರೆಂಚ್ ಮಾರ್ಗವಾಗಿ ಬಂದುದು. ಮೂಲವು ಲ್ಯಾಟಿನ್ನಿನ ‘ಟ್ರಿಪಾಲಿಯಮ್’, ಅಂದರೆ ಮೂರು ಗೂಟಗಳ ಹಿಂಸಾಯಂತ್ರವೆಂದು ವಿದ್ವಾಂಸರ ಮತ. ಅಲ್ಲಿಯ ‘ಟ್ರಿ’ಯೂ ನಮ್ಮ ‘ತ್ರಿ’ಯೂ ಸೋದರರು. ಪೂರ್ವಕಾಲದ ಪ್ರಯಾಣವು ಅಷ್ಟು ಕಷ್ಟಕರವಾಗಿದ್ದುದರಿಂದ ಅದೇ ಶಬ್ದವು ರೂಪಾಂತರ ಹೊಂದಿ ಪ್ರಯಾಣವಾಚಕವಾದ ‘ಟ್ರಾವೆಲ್’ ಆಯಿತು. ನೋವಿನ ಶಬ್ದವು ಅಲ್ಲಿ ಪ್ರಯಾಣಕ್ಕೆ ಹೋಯಿತು. ಪ್ರಯಾಣದ ಶಬ್ದವು ಇಲ್ಲಿ ನೋವಿಗೆ ಬಂದಿತು.

ಹಾಗಾದರೆ ಜಂಗಮರ ಸಂಚಾರವೂ ಬವಣೆಯೇ? ಎಂದು ವಿದ್ಯಾರ್ಥಿಯೊಬ್ಬನು ನನ್ನನ್ನು ಕೇಳಿದನು. ಕೇಳತಕ್ಕ ಪ್ರಶ್ನೆಯೇ. ಜಂಗಮನು ಹೋದೆಡೆಯಲ್ಲಿ ಕಾಲು ತೊಳೆಯಲು ನೀರು ಹಿಡಿದು ನಿಂತ ಮನೆಯುಂಟು. ಅವನ ಬರವು ಹಬ್ಬ. ಯಾದಗಿರಿ, ಶಹಾಪುರ, ಸುರಪುರ ಸೀಮೆಯಿಂದ ಗುಳೆ ಹೋಗುವವರಿಗೆ ಅದಿಲ್ಲ. ಕೃಷ್ಣೆ ಭೀಮೆಗಳೆರಡೂ ಈ ನಾಡಿನವೇ. ನಾರಾಯಣಪುರದ ಬಸವಸಾಗರದ ಕಾಲುವೆಯು ಶಹಾಪುರ, ಸುರಪುರಗಳ ಹೊಲಗಳಿಗೆ ನೀರುಣಿಸುತ್ತದೆ. ಆದರೆ ಕಾಲುವೆ ಮುಟ್ಟದ ಊರುಗಳವರು ಸುಗ್ಗಿ ಮುಗಿದೊಡನೆ, ಕೂಸುಗಳನ್ನೆತ್ತಿಕೊಂಡು, ಬೆಂಗಳೂರು, ಮುಂಬಯಿಗಳ ಕಟ್ಟಡದ ಕೆಲಸಕ್ಕೆ ಹೊರಡುವರು. 2009ರಲ್ಲಿ ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾಯಿತು, ಗುಳೆ ನಿಲ್ಲಲಿಲ್ಲ.

ಕಳೆದ ವರ್ಷ ನಮ್ಮ ದಾಸೋಹದ ಪಂಕ್ತಿಯಲ್ಲಿ ಕುಳಿತಿದ್ದ ಕೆಲವು ಕುಟುಂಬಗಳು ಈ ಉತ್ಸವದಲ್ಲಿ ಕಾಣುತ್ತಿಲ್ಲ. ಅವರ ಮನೆಗಳಲ್ಲಿ ಉಳಿದಿರುವ ಮುದುಕರಿಗೂ, ಶಾಲೆ ಬಿಡಲೊಲ್ಲದ ಮಕ್ಕಳಿಗೂ, ಮಳೆಗಾಲ ಬರುವವರೆಗೆ ಶ್ರೀಮಠದಲ್ಲಿ ಅನ್ನವೂ ವಾಸವೂ ದೊರೆಯುವಂತೆ ಅಪ್ಪಣೆಯಾಗಬೇಕೆಂದು ಸನ್ನಿಧಿಯಲ್ಲಿ ಬೇಡಿಕೊಳ್ಳುತ್ತೇನೆ.