ಯಂತ್ರ ಕೆಟ್ಟರೆ ಓಡಿಹೋಗಬೇಡಿ
(ಮುಂಬಯಿಯಲ್ಲಿ ಸಂಘದ ತಿಂಗಳ ಸಭೆಯಲ್ಲಿ ಆಡಿದ ಮಾತುಗಳು)



ಭಾಷಣ ಮಾಡುವಷ್ಟು ಓದಿದವನು ನಾನಲ್ಲ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಹೋಟೆಲಿನ ಮೋರಿಯ ಬಳಿ ತಟ್ಟೆ ತೊಳೆಯಲು ಕುಳಿತವನು. ಆದರೆ ಇಂದಿನ ವಿಷಯ ಪುಸ್ತಕದ್ದಲ್ಲ, ಕೈಯದ್ದು. ಕೈಯಲ್ಲಿದ್ದ ಯಂತ್ರ ಕೆಟ್ಟರೆ ನಾವು ಏನು ಮಾಡಬೇಕು, ಕಡಿಮೆ ಖರ್ಚಿನಲ್ಲಿ ಅದನ್ನು ಹೇಗೆ ಸರಿಪಡಿಸಬೇಕು ಎಂಬುದೇ ಆ ವಿಷಯ.

ಸಂಘದ ಕಪಾಟಿನಲ್ಲಿರುವ ಡ್ರಿಲ್ ಮಿಶಿನ್ ನಿಮಗೆಲ್ಲ ಗೊತ್ತು. ವಂತಿಗೆ ಎತ್ತಿ ಕೊಂಡದ್ದು. ಖೋಲಿಯಲ್ಲಿ ಹಲಗೆ ಕೂರಿಸುವವರಿಂದ ಹಿಡಿದು ರಜೆಯ ದಿನ ವೈರಿಂಗ್ ಕೆಲಸಕ್ಕೆ ಹೋಗುವವರವರೆಗೆ ಎಲ್ಲರೂ ಅದನ್ನು ಬಳಸಿದ್ದೇವೆ. ಕಳೆದ ತಿಂಗಳು ನಮ್ಮ ಒಬ್ಬ ತಮ್ಮ ಅದನ್ನು ಒಯ್ದ. ಕಾಂಕ್ರೀಟು ತೊಲೆಗೆ ತೂತು ಹಾಕುವಾಗ ಅದು ಕಿಡಿ ಕಾರಿ ನಿಂತುಹೋಯಿತು. ಅವನು ಯಾರಿಗೂ ಹೇಳದೆ ಅದನ್ನು ತಂದು ಕಪಾಟಿನಲ್ಲಿಟ್ಟ. ಆಮೇಲೆ ಮೂರು ಭಾನುವಾರ ಸಂಘದ ಮೆಟ್ಟಿಲು ಹತ್ತಲಿಲ್ಲ. ಇವತ್ತು ಇಲ್ಲಿಯೇ ಕುಳಿತಿದ್ದಾನೆ. ಅವನನ್ನು ಕೇಳಿಯೇ ಇದನ್ನು ಹೇಳುತ್ತಿದ್ದೇನೆ.

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಯಾಕೆಂದರೆ ನಾನೂ ಹಾಗೆಯೇ ಓಡಿಹೋದವನು.

2005ರ ಜುಲೈ 26ರ ಆ ಮಹಾಮಳೆ ಕಳೆದು ಕೆಲವು ತಿಂಗಳಾಗಿತ್ತು. ನನಗೆ ಹದಿನಾರು ವರ್ಷ. ಒಂದು ಹೋಟೆಲಿನಲ್ಲಿ, ಹೆಸರು ಬೇಡ, ಬೆಳಗಿನ ನಾಲ್ಕು ಗಂಟೆಗೆ ದೋಸೆ ಹಿಟ್ಟಿಗಾಗಿ ಗ್ರೈಂಡರ್ ಹಾಕಿದೆ. ಅದು ಗುಂಯ್ ಎಂದಿತೇ ಹೊರತು ಕಲ್ಲು ತಿರುಗಲಿಲ್ಲ. ಸುಟ್ಟ ವಾಸನೆ ಬಂತು, ಸ್ವಿಚ್ ತೆಗೆದೆ. ಧಣಿಗಳು ಬಂದು, “ಹೊಸ ಗ್ರೈಂಡರಿನ ಹಣ ನಿನ್ನ ಪಗಾರದಲ್ಲಿ ಮುರಿಯುತ್ತೇನೆ, ವರ್ಷವಿಡೀ ಪುಕ್ಕಟೆ ದುಡಿ” ಎಂದರು. ಸಂಜೆಯೊಳಗೆ ನಾನು ಅಲ್ಲಿರಲಿಲ್ಲ. ಬಾಕಿಯಿದ್ದ ಎರಡು ತಿಂಗಳ ಪಗಾರವನ್ನೂ ಟ್ರಂಕನ್ನೂ ಬಿಟ್ಟೇ ಹೋದೆ. ಊರಿಗೆ ಹಣ ಕಳಿಸಲಾಗಲಿಲ್ಲ. ಏಕೆಂದು ಅಮ್ಮನಿಗೆ ಬರೆಯಲೂ ಇಲ್ಲ.

ಎರಡು ವರ್ಷದ ಮೇಲೆ ಆ ಹೋಟೆಲಿನ ಭಟ್ಟರು ದಾದರಿನಲ್ಲಿ ಸಿಕ್ಕಿದರು. “ಎಂಥದು ಮಾರಾಯ, ಕೆಟ್ಟದ್ದು ಕಂಡೆನ್ಸರು ಮಾತ್ರ. ಮಿಸ್ತ್ರಿ ಬಂದು ಬದಲಾಯಿಸಿದ, ಮಧ್ಯಾಹ್ನಕ್ಕೆ ಗ್ರೈಂಡರ್ ತಿರುಗಿತು” ಎಂದರು. ಕಂಡೆನ್ಸರಿನ ಬೆಲೆ ಆಗ ಒಂದು ಊಟದ ಬೆಲೆಯಷ್ಟು. ಗ್ರೈಂಡರ್ ತಿರುಗಿತು, ನನ್ನ ಎರಡು ತಿಂಗಳ ಪಗಾರ ಮಾತ್ರ ತಿರುಗಿ ಬರಲಿಲ್ಲ.

ಬಂಧುಗಳೇ, ಅಂದಿನಿಂದ ನಾನು ಕಲಿತದ್ದು ಇದೊಂದೇ. ಬಿಚ್ಚಿ ನೋಡುವ ಮೊದಲು ಯಾವ ಯಂತ್ರಕ್ಕೂ ಬೆಲೆ ಕಟ್ಟಬಾರದು. ಯಂತ್ರ ಕೆಟ್ಟದ್ದಕ್ಕಿಂತ ನಮ್ಮ ಹೆದರಿಕೆಯೇ ನಮಗೆ ದುಬಾರಿ ಬೀಳುತ್ತದೆ.

ಸಂಘದ ಡ್ರಿಲ್ಲನ್ನು ನಾವಿಬ್ಬರೂ ನಾಗದೇವಿ ಬೀದಿಗೆ ಒಯ್ದೆವು. ರಿಪೇರಿಯವನು ಪಕ್ಕದ ಎರಡು ಬಿರಡೆ ಬಿಚ್ಚಿ ಕಾರ್ಬನ್ ಬ್ರಶ್ ಹೊರಗೆ ತೆಗೆದ. ಅವು ಸವೆದು ಉಗುರಿನಷ್ಟಾಗಿದ್ದವು. ಮೋಟರಿನೊಳಗೆ ತಿರುಗುವ ಆರ್ಮೇಚರಿಗೆ ವಿದ್ಯುತ್ತು ಮುಟ್ಟಿಸುವುದು ಈ ಎರಡು ಕರಿ ತುಂಡುಗಳೇ. ತಿಕ್ಕಿ ತಿಕ್ಕಿ ಸವೆಯುವುದೇ ಅವುಗಳ ಗುಣ. ಅವನ್ನು ಸವೆಸಿದವರು ನಾವೆಲ್ಲರೂ. ನಿಂತದ್ದು ಮಾತ್ರ ಇವನ ಕೈಯಲ್ಲಿ. ಹತ್ತು ಮಂದಿ ಉಂಡ ಮೇಲೆ ಕೊನೆಗೆ ಎದ್ದವನ ಕೈಗೆ ಎಲ್ಲರ ಬಿಲ್ಲು ಕೊಟ್ಟಂತಾಯಿತು! ಹೊಸ ಜೋಡಿ ಹಾಕಿದೊಡನೆ ಮಿಶಿನ್ ನಡೆಯಿತು. ಖರ್ಚು ಎಷ್ಟೆಂದರೆ, ಇಬ್ಬರ ಚಹಾ ತಿಂಡಿಯಷ್ಟು.

ಆದುದರಿಂದ ಈ ಕ್ರಮವನ್ನು ನೆನಪಿಡಿ. ಮೊದಲು ಪ್ಲಗ್ ಕಿತ್ತುಹಾಕಿ. ಆಮೇಲೆ ವೈರು ನೋಡಿ; ಹಿಡಿಕೆಯೊಳಗೆ ಹೋಗುವಲ್ಲಿ ಅದು ಮಡಚಿ ಮಡಚಿ ತುಂಡಾಗುವುದುಂಟು. ಆಮೇಲೆ ಸ್ವಿಚ್ಚು, ಆಮೇಲೆ ಬ್ರಶ್. ಬ್ರಶ್ ಬದಲಾಯಿಸುವಾಗ ಹಳೆಯದನ್ನು ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತನ್ನಿ. ಎರಡನ್ನೂ ಒಟ್ಟಿಗೇ ಹಾಕಿ. ಕೊನೆಗೆ ಆರ್ಮೇಚರ್. ಅದು ಸುಟ್ಟಿದ್ದರೆ, ರಿಪೇರಿಯ ಹಣ ಹೊಸ ಮಿಶಿನ್ನಿನ ಅರ್ಧವನ್ನು ದಾಟುವುದೋ ಎಂದು ಲೆಕ್ಕ ಹಾಕಿ ತೀರ್ಮಾನಿಸಿ. ಗ್ರೈಂಡರಿನ ಕಂಡೆನ್ಸರಿಗೆ ಮಾತ್ರ ನೀವಾಗಿ ಕೈ ಹಾಕಬೇಡಿ; ಪ್ಲಗ್ ಕಿತ್ತ ಮೇಲೂ ಅದು ಶಾಕ್ ಕೊಡಬಲ್ಲದು. ಗುಂಯ್ ಎಂದು ನಿಂತ ಮೋಟರನ್ನು ಕೂಡಲೇ ನಿಲ್ಲಿಸಿ, ಇಲ್ಲವಾದರೆ ಒಳಗಿನ ವೈಂಡಿಂಗ್ ಸುಡುತ್ತದೆ. ಡ್ರಿಲ್ ತಡೆದು ನಿಂತರೆ ಮೈಭಾರ ಹಾಕಿ ಒತ್ತಬೇಡಿ. ಆರ್ಮೇಚರ್ ಸುಡುವುದು ಹಾಗೆಯೇ.

ಇನ್ನು ಅಗ್ಗದ ಮಾತು. ಚೋರ್ ಬಜಾರಿನಲ್ಲಿ ಹಳೆಯ ಮಿಶಿನ್ ಸಿಗುತ್ತದೆ, ಕೊಳ್ಳುವುದು ತಪ್ಪಲ್ಲ. ಆದರೆ ಅಲ್ಲಿಯೇ ನಡೆಸಿ ನೋಡಿ. ಕಿಡಿ ಬಹಳ ಹಾರಿದರೆ, ಸುಟ್ಟ ವಾಸನೆ ಬಂದರೆ, ಬಿಟ್ ಅಲುಗಾಡಿದರೆ ಬಿಟ್ಟುಬಿಡಿ. ಎರಡು ಪಿನ್ನಿನ ಮಿಶಿನ್ ಆದರೆ ಅದರ ಮೈಮೇಲೆ ಚೌಕದೊಳಗೊಂದು ಚೌಕದ ಗುರುತು ಇರಬೇಕು. ಇಮ್ಮಡಿ ರಕ್ಷಣೆಯ ಗುರುತು ಅದು. ಆ ಗುರುತಿಲ್ಲದ ಲೋಹದ ಮೈಯ ಯಂತ್ರಕ್ಕೆ ಮೂರು ಪಿನ್ನೂ ಅರ್ಥಿಂಗೂ ಬೇಕೇ ಬೇಕು. ನಮ್ಮ ಅಡುಗೆಮನೆಯ ನೆಲ ಯಾವಾಗಲೂ ಒದ್ದೆ. ಅಲ್ಲಿ ನೂರಿನ್ನೂರು ಉಳಿಸಲು ಹೋಗಿ ಜೀವ ಕಳೆದುಕೊಳ್ಳಬಾರದು.

ಇನ್ನು ಪಗಾರ ಮುರಿಯುವ ಮಾತು. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ರಕ್ಷಣೆ 2019ರ ವೇತನ ಸಂಹಿತೆಯಲ್ಲಿಯೂ ಉಳಿದಿದೆ. ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹಾಳಾದ ವಸ್ತುವಿಗಾಗಿ ಹಣ ಮುರಿಯಬೇಕಾದರೆ, ಅದನ್ನು ಕಾಪಾಡಲು ಸ್ಪಷ್ಟವಾಗಿ ಕೆಲಸಗಾರನ ವಶಕ್ಕೆ ಕೊಟ್ಟಿರಬೇಕು. ನಷ್ಟವು ನೇರವಾಗಿ ಅವನ ಅಲಕ್ಷ್ಯದಿಂದ ಅಥವಾ ತಪ್ಪಿನಿಂದ ಆಗಿರಬೇಕು. ಮುರಿಯುವ ಮೊದಲು ಅವನ ಮಾತು ಕೇಳಬೇಕು. ಮುರಿದ ಹಣ ಆದ ನಷ್ಟಕ್ಕಿಂತ ಹೆಚ್ಚಾಗಕೂಡದು. ಎಲ್ಲ ಕಡಿತಗಳೂ ಸೇರಿ ಪಗಾರದ ಅರ್ಧ ಮೀರಕೂಡದು. ಕೆಲಸ ಬಿಟ್ಟವನ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ಕೊಡತಕ್ಕದ್ದು. ಅಂದರೆ ಕಂಡೆನ್ಸರ್ ಕೆಟ್ಟದ್ದಕ್ಕೆ ಗ್ರೈಂಡರಿನ ಬೆಲೆ ಕೇಳುವ ಹಕ್ಕು ಯಾವ ಧಣಿಗೂ ಇಲ್ಲ. ರಿಪೇರಿಯ ಚೀಟಿ ತೋರಿಸಿ ಎಂದು ಕೇಳಿ. ಒಬ್ಬರೇ ಕೇಳಲು ಹೆದರಿಕೆಯಾದರೆ ಸಂಘಕ್ಕೆ ಬನ್ನಿ, ಜೊತೆಗೆ ಬರುತ್ತೇವೆ.

ಹಾಗೆಂದು ನಮ್ಮ ತಪ್ಪನ್ನು ಮುಚ್ಚಿಡಬೇಕೆಂದು ನಾನು ಹೇಳುವುದಿಲ್ಲ. ಕೆಟ್ಟ ಯಂತ್ರವನ್ನು ಸುಮ್ಮನೆ ಕಪಾಟಿನಲ್ಲಿಟ್ಟರೆ ಮುಂದೆ ಅದನ್ನು ಹಿಡಿಯುವವನಿಗೆ ಶಾಕ್ ಹೊಡೆದೀತು. ಕೆಟ್ಟ ದಿನವೇ ಹೇಳಿ. ಕಪಾಟಿನ ಬಳಿ ಒಂದು ವಹಿ ಇಡೋಣ: ಒಯ್ದವರು ಯಾರು, ಹೇಗಿತ್ತು, ಹೇಗೆ ಬಂತು ಎಂದು ಬರೆಯೋಣ. ಪಕ್ಕದಲ್ಲಿ ಒಂದು ಡಬ್ಬಿ. ಒಯ್ಯುವವರು ಕೈಲಾದಷ್ಟು ಅದರಲ್ಲಿ ಹಾಕಲಿ. ಮುಂದಿನ ಬ್ರಶ್ಶಿನ ಹಣ ಅದರಿಂದಲೇ ಹುಟ್ಟಲಿ.

ಆ ತಮ್ಮನಿಗೆ ಒಂದು ಮಾತು. ನೀನು ಮೂರು ಭಾನುವಾರ ಬಾರದೆ ಹೋದದ್ದು ಸಂಘಕ್ಕೆ ಆದ ನಷ್ಟ. ಬ್ರಶ್ ಅಂಗಡಿಯಲ್ಲಿ ಸಿಗುತ್ತದೆ, ನೀನು ಸಿಗುವುದಿಲ್ಲ. ಇನ್ನು ಮುಂದೆ ಆ ವಹಿಯನ್ನು ನೀನೇ ನೋಡಿಕೊಳ್ಳಬೇಕೆಂದು ಸಭೆಯ ಮುಂದೆ ಸೂಚಿಸಿ, ನನ್ನ ಮಾತು ಮುಗಿಸುತ್ತೇನೆ.